ಉಪವಾಸದ ತುತ್ತು

ಉಪವಾಸದ ಒಂಬತ್ತನೆಯ ದಿನ ಬೆಳಿಗ್ಗೆ ನನ್ನ ಗಂಡನ ಜ್ವರ ಇಳಿಯಿತು. ಕೇರಿಯವರ ಹೆದರಿಕೆ ಅಂದಿಗೆ ಮುಗಿಯಿತು. ನನ್ನದು ಅಂದು ಶುರುವಾಯಿತು.

ಆಗ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಎಲ್ಲೋ ದೊಡ್ಡ ಯುದ್ಧ ನಡೆಯುತ್ತಿದ್ದುದರಿಂದ ರೇಷ್ಮೆ ಗೂಡಿಗೆ ಎಂದೂ ಇಲ್ಲದ ಗಿರಾಕಿ. ಕಾಮಗೆರೆಯಿಂದ ಹನೂರಿಗೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಸ್ವಲ್ಪ ಒಳಗೆ ನಮ್ಮ ಕೇರಿ. ಕ್ರೈಸ್ತರ ಹತ್ತಾರು ಮನೆ, ಹೆಂಚು ಹೊದಿಸಿದ ಪುಟ್ಟ ಗುಡಿ, ಅದರ ಹಿಂದೆ ಹಿಪ್ಪುನೇರಳೆ ತೋಟ. ಸ್ವಾಮಿಗಳು, ಅಂದರೆ ಪಾದ್ರಿಗಳು, ಕೊಳ್ಳೇಗಾಲದಿಂದ ತಿಂಗಳಿಗೊಮ್ಮೆ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಮಿಕ್ಕ ದಿನಗಳಲ್ಲಿ ಜಪ ಹೇಳಿಸುವುದು, ಜಗಳ ಬಿಡಿಸುವುದು, ಹುಟ್ಟಿದ ಮಗುವಿಗೆ ಹೆಸರು ಆರಿಸುವುದು ಎಲ್ಲ ಉಪದೇಶಿ ಚೌರಪ್ಪನವರ ಕೆಲಸ. ಬಹಳ ಒಳ್ಳೆಯ ಮನುಷ್ಯ. ಕೆಟ್ಟವರ ಎದುರು ನಿಲ್ಲುವುದು ಸುಲಭ, ಒಳ್ಳೆಯವರ ಎದುರು ನಿಲ್ಲುವುದೇ ಕಷ್ಟ ಎಂದು ನನಗೆ ಆ ವರ್ಷ ಗೊತ್ತಾಯಿತು.

ನನ್ನ ಗಂಡ ಇನ್ನಾಸಪ್ಪನವರು ಚಾಪೆ ಹಿಡಿದದ್ದು ಹುಳು ಸಾಕಣೆಯ ನಡುವೆ. ಮೊದಲು ತಲೆನೋವು ಎಂದರು. ಆಮೇಲೆ ಏಳಲೇ ಇಲ್ಲ. ಎರಡನೆಯ ವಾರದ ಹೊತ್ತಿಗೆ ಮೈಯೆಲ್ಲ ಕೆಂಡ, ಬಾಯಿ ತುಂಬ ಬಡಬಡಿಕೆ. ಹುಳದ ತಟ್ಟೆಗೆ ಸೊಪ್ಪು ಉದುರಿಸುವವರಂತೆ ಗಾಳಿಯಲ್ಲಿ ಕೈಯಾಡಿಸುತ್ತಿದ್ದರು. ನಮ್ಮ ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಕೇರಿಯ ಹೆಂಗಸರು ನನ್ನನ್ನು ಮಾತನಾಡಿಸುವಾಗ ಮುಖ ನೋಡುವುದು ಬಿಟ್ಟು ಕೊರಳಿನ ತಾಳಿ ನೋಡುತ್ತಿದ್ದರು. ನನಗೆ ಅಷ್ಟೇ ಸಾಕಾಗಿತ್ತು.

ಕಾಮಗೆರೆಯಲ್ಲಿ ಔಷಧ ಕೊಡುವ ಸಿಸ್ಟರಮ್ಮ ಒಬ್ಬರಿದ್ದರು. ಬಿಳಿಯರ ನಾಡಿನವರು, ಕನ್ನಡ ಕಲಿತಿದ್ದರು. ಎತ್ತಿನ ಗಾಡಿಯಲ್ಲಿ ಊರೂರು ಸುತ್ತುವಾಗ ಒಂದು ಮಧ್ಯಾಹ್ನ ನಮ್ಮ ಮನೆಗೂ ಬಂದರು. ಅತ್ತೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದರು, ಮನೆಯಲ್ಲಿ ನಾನೊಬ್ಬಳೇ. ಸಿಸ್ಟರಮ್ಮ ಇವರ ನಾಲಗೆ ನೋಡಿದರು, ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿ ನೋಡಿದರು. ಇದು ಕರುಳಿನ ಜ್ವರ, ಇದಕ್ಕೆ ಔಷಧ ಇಲ್ಲ, ಗಾಡಿಯಲ್ಲಿ ಕುಲುಕಿಸಿ ಎಲ್ಲಿಗೂ ಸಾಗಿಸಬೇಡಿ, ಗಂಜಿಯ ತಿಳಿ, ಕಾಯಿಸಿ ಆರಿಸಿದ ನೀರು, ಇಷ್ಟೇ ಕೊಡಿ ಎಂದರು. ಆಮೇಲೆ ಮೂಲೆಯ ಬುಟ್ಟಿಯಿಂದ ಒಂದು ಜೊಳ್ಳು ಗೂಡು ಎತ್ತಿಕೊಂಡು, ನೀರಿನಲ್ಲಿ ಅದ್ದಿ, ಬೆರಳಿನಿಂದ ಒತ್ತಿದರು. ಬೆರಳು ಒಳಗೇ ಹೋಯಿತು.

“ಕರುಳಿನ ಗೋಡೆ ಈಗ ಹೀಗೆ ಇದೆ,” ಎಂದರು. “ಜ್ವರ ಹೋಗುತ್ತದೆ. ಆಗ ಬಹಳ ಹಸಿವು ಬರುತ್ತದೆ. ಆ ದಿನ ನೀನು ಹೆದರಬೇಕು. ನಾನು ಬಂದು ನೋಡುವ ತನಕ ಗಟ್ಟಿ ಆಹಾರ ಒಂದು ತುತ್ತೂ ಬೇಡ. ಒಂದು ತುತ್ತು ಸಾಕು, ಅವನು ಸಾಯಲಿಕ್ಕೆ.”

ತೂತಾದ ಆ ಗೂಡನ್ನು ನನ್ನ ಕೈಗೆ ಕೊಟ್ಟು ಅವರು ಗಾಡಿ ಹತ್ತಿದರು.

ಅತ್ತೆ ತೋಟದಿಂದ ಬಂದಾಗ ಎಲ್ಲ ಹೇಳಿದೆ. ಅವರ ಕಿವಿಗೆ ಬಿದ್ದದ್ದು ಒಂದೇ ಮಾತು: ಔಷಧ ಇಲ್ಲ. ನಮ್ಮತ್ತೆ ಮದಲೇನಮ್ಮ ಹಾಗೆ ಕೈಚೆಲ್ಲಿ ಕೂರುವವರಲ್ಲ. ಗಂಡ ಸತ್ತ ಮೇಲೆ ಒಬ್ಬರೇ ನಿಂತು ಹುಳು ಸಾಕಿ, ಇದ್ದ ಒಬ್ಬ ಮಗನನ್ನೂ ಸಾಕಿದವರು. ಆ ಸಂಜೆಯೇ ಚೌರಪ್ಪನವರನ್ನು ಕರೆಸಿ ಒಂಬತ್ತು ದಿನದ ಜಪ ಹಿಡಿಸಿದರು. ಅದರ ಜೊತೆ ಉಪವಾಸ ಹಿಡಿದವರು ಅತ್ತೆ, ನಾನು, ಚೌರಪ್ಪನವರು, ಅವರ ಹೆಂಡತಿ, ಅಕ್ಕಪಕ್ಕದ ಕೆಲವರು. ಹಗಲೆಲ್ಲ ಬರೀ ನೀರು, ಸಂಜೆ ದೇವಮಾತೆಯ ಪಟದ ಮುಂದೆ ಜಪಸರ ಮುಗಿದ ಮೇಲೆ ಉಪ್ಪಿಲ್ಲದ ಗಂಜಿ ಒಂದೊತ್ತು.

ನಮ್ಮ ಕೇರಿಯ ಉಪವಾಸಕ್ಕೆ ಅದರದೇ ಕಟ್ಟಳೆಗಳಿದ್ದವು. ರೋಮಾಪುರಿಯಲ್ಲಿ ಕೇಳಿದರೆ ಯಾರಿಗೂ ಗೊತ್ತಿರಲಿಕ್ಕಿಲ್ಲ. ನಮ್ಮ ಅಜ್ಜಿಯರು ಜ್ಞಾನಸ್ನಾನಕ್ಕೆ ಬರುವಾಗ ಹಳೆಯ ಮನೆಯಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದವು. ಕಡೆಯ ದಿನ ಎಲ್ಲರೂ ರೋಗಿಯ ಚಾಪೆಯ ಸುತ್ತ ಕೂರಬೇಕು. ಉಪವಾಸ ಹಿಡಿದವರಲ್ಲಿ ಹಿರಿಯರು ರಾಗಿ ಹಿಟ್ಟು, ಅಂದರೆ ಮುದ್ದೆ, ಮುರಿದು ಸಾರಿನಲ್ಲಿ ಅದ್ದಿ ಮೊದಲ ತುತ್ತನ್ನು ರೋಗಿಯ ಬಾಯಿಗೇ ಇಡಬೇಕು. ಅವನು ಅದನ್ನು ನುಂಗಿದರೆ ದೇವರು ಕೊಟ್ಟ ಸ್ವಸ್ಥತೆಯನ್ನು ಕೈನೀಡಿ ತೆಗೆದುಕೊಂಡ ಹಾಗೆ. ಬೇಡ ಎಂದರೆ ದೇವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಇನ್ನೊಂದು ಕಟ್ಟಳೆ, ಜೊತೆಗೆ ಹಿಡಿದ ಉಪವಾಸವನ್ನು ಜೊತೆಗೇ ಬಿಡಬೇಕು. ಒಬ್ಬರು ಬಿಡದಿದ್ದರೂ ತುತ್ತು ಎತ್ತುವ ಹಾಗಿಲ್ಲ. ಹಿಂದೊಮ್ಮೆ ಒಬ್ಬ ಅಜ್ಜ ಹನೂರು ಸಂತೆಗೆ ಹೋದವನು ಕತ್ತಲಾದರೂ ಬರದೆ, ಅಷ್ಟೂ ಜನ ಆರಿದ ಹಿಟ್ಟಿನ ಮುಂದೆ ಕೂತು ಅವನಿಗೆ ಶಾಪ ಹಾಕಿದ್ದರಂತೆ, ಅದೂ ಜಪಸರ ಹಿಡಿದುಕೊಂಡು.

ಒಂಬತ್ತನೆಯ ದಿನ ಬೆಳಿಗ್ಗೆ ಇವರ ಹಣೆ ಮುಟ್ಟಿದರೆ ತಣ್ಣಗಿತ್ತು. ಬೆವರಿನಿಂದ ಚಾಪೆಯೆಲ್ಲ ಒದ್ದೆ. ಕಣ್ಣು ಬಿಟ್ಟರು, ನನ್ನ ಗುರುತು ಹಿಡಿದರು.

“ಲೂರ್ದು, ಒಟ್ಟೆ ಅಸೀತಾದೆ. ಇಟ್ಟು ಕೊಡಮ್ಮಿ,” ಎಂದರು.

ಎಷ್ಟು ದಿನ ಕಾದಿದ್ದ ದನಿ ಅದು. ನನಗೆ ಸಂತೋಷವಾಗಬೇಕಿತ್ತು. ಸಿಸ್ಟರಮ್ಮನ ಬೆರಳು ಗೂಡಿನೊಳಗೆ ಹೋದದ್ದು ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಅತ್ತೆ ಅಂಗಳಕ್ಕೆ ಓಡಿ, ಬಾಯಿ ಬಡಿದುಕೊಂಡು ಅಳುತ್ತ, ಮಗ ಎದ್ದ ಸುದ್ದಿಯನ್ನು ಇಡೀ ಕೇರಿಗೆ ಸಾರಿಯಾಗಿತ್ತು. ಗುಡಿಯ ಗಂಟೆ ಹೊಡೆದರು. ಹೆಂಗಸರು ಒಬ್ಬೊಬ್ಬರಾಗಿ ಬಂದು ನನ್ನ ಮುಖ ನೋಡಿದರು, ತಾಳಿಯನ್ನಲ್ಲ.

ಹೊತ್ತು ಏರುವಾಗ ಅತ್ತೆ ಒಲೆ ಹೊತ್ತಿಸಿದರು. ಅವರೆಕಾಳು ಬೇಯಲಿಟ್ಟು ರಾಗಿ ಬೀಸಲು ಕೂತರು. ನಾನು ಬೀಸುವ ಕಲ್ಲಿನ ಎದುರು ಕೂತು ಗೂಟಕ್ಕೆ ಕೈ ಹಾಕಿದೆ.

“ಅತ್ತೆ, ಸಿಸ್ಟರಮ್ಮ ಏಳಿದ್ದು ನಿಮ್ಗೆ ಏಳಿದ್ನಲ್ಲ. ಜರ ಬುಟ್ಟ ಮ್ಯಾಲೇ ಎದ್ರಿಕೆ ಜಾಸ್ತಿಯಂತೆ.”

“ಅದು ಜಪ ಮಾಡ್ದೆ ಇರೋರ್ಗೆ ಕಣಮ್ಮಿ.”

“ಉಳ ಜರದಿಂದ ಎದ್ದಾಗ ನೀವು ಒಂದೇ ಸಲ ಬಲ್ತ ಸೊಪ್ಪು ಆಕ್ತೀರಾ? ಎಳೇದ ಸಣ್ಣಗೆ ಎಚ್ಚಿ ಆಕದಿಲ್ವಾ?”

ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಅವು ತಲೆ ಎತ್ತಿ ಸುಮ್ಮನೆ ಕೂರುತ್ತವೆ, ಏನೂ ತಿನ್ನುವುದಿಲ್ಲ. ಎದ್ದ ಮೇಲೆ ಹೇಗೆ ಉಣಿಸಬೇಕೆಂದು ಅತ್ತೆಗಿಂತ ಚೆನ್ನಾಗಿ ಬಲ್ಲವರು ಕೇರಿಯಲ್ಲಿ ಯಾರೂ ಇರಲಿಲ್ಲ. ಗೆದ್ದೆ ಎಂದುಕೊಂಡೆ. ಅತ್ತೆ ಕಲ್ಲು ನಿಲ್ಲಿಸಿ ನನ್ನನ್ನೇ ದಿಟ್ಟಿಸಿದರು.

“ನನ್ ಮಗ ಉಳ ಅಲ್ಲ,” ಎಂದರು. ಮತ್ತೆ ಬೀಸತೊಡಗಿದರು.

ಗುಡಿಗೆ ಓಡಿದೆ. ಚೌರಪ್ಪನವರು ಮೆಟ್ಟಿಲು ಗುಡಿಸುತ್ತಿದ್ದರು. ಒಂಬತ್ತು ದಿನದ ಉಪವಾಸಕ್ಕೆ ಅವರ ಕೆನ್ನೆ ಒಳಗೆ ಹೋಗಿತ್ತು. ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು, ಒಮ್ಮೆಯೂ ಅಡ್ಡ ಬರಲಿಲ್ಲ.

“ಮಗ, ದೇವ್ರು ಯಾವತ್ತಾರೂ ಅರ್ದ ಕೆಲ್ಸ ಮಾಡಿ ಬುಟ್ಟವ್ನಾ?” ಎಂದು ಮೆಲ್ಲಗೆ ಕೇಳಿದರು. “ನೀನು ಎದರ್ಕಂಡಿದ್ದೀಯ. ಎದ್ರಿಕೆ ತಪ್ಪಲ್ಲ. ಆದ್ರೆ ಎದ್ರಿಕೆಯ ಮಾತ ಕೇಳ್ಬ್ಯಾಡ.”

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಮನೆಗೆ ವಾಪಸು ಬರುವಾಗ ನನ್ನ ಹೆದರಿಕೆ ಎರಡಾಗಿತ್ತು. ತುತ್ತು ಕೊಟ್ಟರೆ ಕರುಳು ಹರಿದು ಇವರು ಸಾಯುತ್ತಾರೆ. ಕೊಡದಿದ್ದರೆ, ಅಪನಂಬಿಕೆಯ ಹೆಂಗಸೆಂದು ದೇವರು ನನ್ನ ಮೇಲೆ ಮುನಿದು ಇವರನ್ನು ಕರೆದುಕೊಳ್ಳುತ್ತಾನೆ. ಸಿಸ್ಟರಮ್ಮನೂ ಆ ದೇವರ ಕೆಲಸದವರೇ, ಚೌರಪ್ಪನವರೂ ಆ ದೇವರ ಕೆಲಸದವರೇ. ಇಬ್ಬರಲ್ಲಿ ಯಾರ ಬಾಯಲ್ಲಿ ದೇವರು ಮಾತನಾಡಿದ್ದಾನೆಂದು ಹೇಳುವವರು ಯಾರು? ಸ್ವಾಮಿಗಳು ಬರಲು ಇನ್ನೂ ಬಹಳ ದಿನವಿತ್ತು.

ಸಂಜೆಗೆ ಮನೆ ತುಂಬಿತು. ಹುಳದ ತಟ್ಟೆಗಳನ್ನು ಒಂದರ ಮೇಲೊಂದು ಸರಿಸಿ ಜಾಗ ಮಾಡಿದ್ದರು. ಜಪಸರ ಮುಗಿಯಿತು. ಅತ್ತೆ ಹಬೆಯಾಡುವ ಹಿಟ್ಟನ್ನು ಇವರ ತಲೆದೆಸೆಗೆ ತಂದಿಟ್ಟರು. ಬೇಯಿಸಿದ ರಾಗಿಯ ವಾಸನೆಗೆ ನನ್ನ ಬಾಯಲ್ಲೇ ನೀರೂರಿತು. ಇವರಂತೂ ಮೊಣಕೈ ಊರಿ ಎದ್ದು ಕೂತರು. ಎಲುಬಿನ ಗೂಡಾಗಿದ್ದ ಮನುಷ್ಯನ ಕಣ್ಣು ಆ ಹಿಟ್ಟಿನ ಮೇಲಿಂದ ಆಚೆ ಈಚೆ ಹೋಗಲಿಲ್ಲ. ಅತ್ತೆ ತುತ್ತು ಮುರಿದರು. ಸಾರಿಗೆ ಅದ್ದಿದರು. ಇವರು ಬಾಯಿ ತೆರೆದರು.

“ನಾನ್ ಇನ್ನೂ ಬುಟ್ಟಿಲ್ಲ,” ಎಂದೆ.

ಅತ್ತೆಯ ಕೈ ನಿಂತಿತು. ಎಲ್ಲರೂ ನನ್ನತ್ತ ತಿರುಗಿದರು.

“ನನ್ ಅರಕೆ ಇನ್ನೊಂದು ಒಂಬತ್ತು ದಿನ ಅದೆ,” ಎಂದೆ. “ಮಾತೆಗೆ ಮಾತು ಕೊಟ್ಟಿವ್ನಿ.”

ಶುದ್ಧ ಸುಳ್ಳು. ಅಂಥ ಹರಕೆ ನಾನು ಹೊತ್ತೇ ಇರಲಿಲ್ಲ. ಮಾತೆಯ ಪಟ ಎದುರಿಗೇ ಇತ್ತು, ಅದರ ಮುಂದೆ ದೀಪ ಉರಿಯುತ್ತಿತ್ತು. ಸಿಡಿಲು ಬಡಿಯುತ್ತದೆ ಎಂದು ನಿಜಕ್ಕೂ ಕಾದೆ. ಬಡಿಯಲಿಲ್ಲ. ಚೌರಪ್ಪನವರ ಹೆಂಡತಿ ಮಾತ್ರ, “ಮೊದ್ಲೇ ಏಳಕೇನಾಗಿತ್ತು ನಿಂಗೆ,” ಎಂದು ಹಲ್ಲು ಕಡಿದರು. ಪಾಪ, ಅವರ ಹೊಟ್ಟೆಯೂ ಚುರುಗುಟ್ಟುತ್ತಿತ್ತು.

ಕಟ್ಟಳೆ ಕಟ್ಟಳೆಯೇ. “ತುತ್ತು ಇಳ್ಸು ಮದಲೇನಮ್ಮ,” ಎಂದರು ಚೌರಪ್ಪನವರು.

ಅತ್ತೆ ಇಳಿಸಿದರು. ಆ ಹಿಟ್ಟನ್ನು ಎಮ್ಮೆಗೆ ಹಾಕಿ ಬಂದು, ಮಾರನೆಯ ದಿನದಿಂದ ಉಪವಾಸ ಹಿಡಿದ ಮಿಕ್ಕವರಂತೆ ಅವರೂ ಮತ್ತೆ ಹಗಲೆಲ್ಲ ಬರೀ ನೀರು ಕುಡಿಯತೊಡಗಿದರು. ಈ ಮುದಿ ದೇಹವೂ ನನ್ನ ಸುಳ್ಳಿಗೆ ಜೊತೆಯಾಗುತ್ತದೆ ಎಂಬುದು ಬಾಯಿ ಬಿಡುವಾಗ ನನಗೆ ಹೊಳೆದಿರಲೇ ಇಲ್ಲ. “ಅತ್ತೆ, ನೀವು ಮಾತ್ರ ಉಣ್ಣಿ,” ಎಂದು ಕಾಲು ಹಿಡಿದೆ. ಅವರು ಕಾಲು ಎಳೆದುಕೊಂಡು ಹುಳದ ತಟ್ಟೆಯ ಕಡೆಗೆ ಹೋದರು.

ಆ ದಿನಗಳನ್ನು ನಾನು ಹೇಗೆ ಕಳೆದೆನೋ. ಜ್ವರದಲ್ಲಿದ್ದಾಗ ಇವರಿಗೆ ಯಾವುದೂ ಬೇಕಿರಲಿಲ್ಲ. ಈಗ ಹಸಿವೇ ಇವರನ್ನು ಹಿಡಿದ ರೋಗವಾಗಿತ್ತು. ತಿಳಿಗಂಜಿಯ ಲೋಟವನ್ನು ಗೋಡೆಗೆ ಎಸೆದರು. “ನನ್ ಮ್ಯಾಲೆ ನಿಂಗೆ ಏನ್ ಅಗೆ? ಸಾಯ್ಲಿ ಅಂತ ಕಾಯ್ತಿದ್ದೀಯಾ?” ಎಂದರು. ಅಷ್ಟು ಮೃದುವಾದ ಮನುಷ್ಯ, ನನ್ನನ್ನು ಒಂದು ದಿನವೂ ಲೇ ಎಂದು ಕರೆದವರಲ್ಲ. ನೀರಿಗೆ ಹೋದಾಗ ಯಾರೂ ನನ್ನ ಬಿಂದಿಗೆಗೆ ಕೈ ಕೊಡಲಿಲ್ಲ. ಅದು ನನಗೆ ದೊಡ್ಡ ವಿಷಯವಾಗಿರಲಿಲ್ಲ. ನೀರಿಗೆಂದು ಹೋದ ಆ ಹೊತ್ತಿನಲ್ಲಿ ಯಾರಾದರೂ ಬಂದು ಇವರಿಗೆ ಏನಾದರೂ ಕೊಟ್ಟುಬಿಟ್ಟರೆ ಎಂಬುದೇ ನನ್ನ ಪ್ರಾಣ ಹಿಂಡುತ್ತಿತ್ತು. ಅರ್ಧ ತುಂಬಿದ ಬಿಂದಿಗೆ ಹೊತ್ತು ಓಡಿ ಬರುತ್ತಿದ್ದೆ.

ಹಾಗೊಂದು ಮಧ್ಯಾಹ್ನ ಓಡಿ ಬಂದಾಗ, ಸೊಪ್ಪು ಹೊರುವ ಕೂಲಿಗೆ ಬರುತ್ತಿದ್ದ ಚಿಕ್ಕಮಾದಯ್ಯ ಕಿಟಕಿಯ ಬಳಿ ನಿಂತಿದ್ದ. ಇವರ ಮುಷ್ಟಿ ಮುಚ್ಚಿತ್ತು, ದವಡೆ ಆಡುತ್ತಿತ್ತು.

“ಏನ್ ಕೊಟ್ರಿ ಮಾದಯ್ಯಣ್ಣ?”

“ನಾಕು ಉರ್ದ ಕಳ್ಳೇಕಾಯಿ ಕನವ್ವ. ಅಳ್ತಿದ್ರು. ನೋಡಕಾಗ್ನಿಲ್ಲ.”

ಬಿಂದಿಗೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಇವರ ಎದೆಯ ಮೇಲೆ ಮೊಣಕಾಲೂರಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬೀಜ ಕಿತ್ತುಕೊಂಡೆ. ಬಾಯಿಗೆ ಬೆರಳು ಹಾಕಿ, ಅಗಿದದ್ದನ್ನೆಲ್ಲ ಗೋರಿ ತೆಗೆದೆ. ಇವರು ಕಚ್ಚಿದರು. ರಕ್ತ ಬಂತು, ನಾನು ಬಿಡಲಿಲ್ಲ. ಕಟ್ಟಿಕೊಂಡ ಗಂಡನ ಬಾಯಿಂದ ಅನ್ನ ಕಿತ್ತವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಕಡೆಗೆ ಇವರು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು, ನಾನೂ ಪಕ್ಕದಲ್ಲಿ ಕೂತು ಕಣ್ಣೀರಿಟ್ಟೆ. ಎಷ್ಟು ನುಂಗಿದ್ದರೋ ತಿಳಿಯದು. ಕತ್ತಲಾಗುವ ತನಕ ಇವರ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಇದ್ದೆ. ಎಲ್ಲಿ ಬಿಗಿಯುತ್ತದೋ, ಎಲ್ಲಿ ಕೂಗುತ್ತಾರೋ ಎಂದು ಕಾದೆ. ತಲೆ ಎತ್ತಿದಾಗ ತಟ್ಟೆಗಳ ನಡುವೆ ಅತ್ತೆ ಕೂತಿರುವುದು ಕಂಡಿತು. ಎಲ್ಲವನ್ನೂ ನೋಡಿದ್ದರು.

ಹರಕೆಯ ಕಡೆಯ ದಿನ ಸಿಸ್ಟರಮ್ಮನ ಗಾಡಿ ಬಂತು. ನಾನು ಹೇಳಿ ಕಳಿಸಿದ್ದೆ. ಇವರ ಹೊಟ್ಟೆಯನ್ನು ಎಲ್ಲ ಕಡೆ ಒತ್ತಿ ನೋಡಿದರು, ಜ್ವರ ನೋಡಿದರು, ಮತ್ತೊಮ್ಮೆ ಒತ್ತಿದರು. ಆಮೇಲೆ ನಕ್ಕರು.

“ಇವತ್ತು ಮೆತ್ತಗೆ ಬೆಂದ ಅನ್ನ. ಸ್ವಲ್ಪ. ಇನ್ನು ಬದುಕುತ್ತಾನೆ,” ಎಂದರು. ಅವರ ಗಾಡಿ ದೂರದ ಹೂಗ್ಯಂ ಕಡೆಗೆ ಹೊರಟಿತು.

ನಾನು ಬಚ್ಚಲ ಕಲ್ಲಿನ ಮೇಲೆ ಕೂತು ಒಬ್ಬಳೇ ಎಷ್ಟು ಹೊತ್ತು ಅತ್ತೆನೋ. ಸಂಜೆ ಮತ್ತೆ ಮನೆ ತುಂಬಿತು. ಹಿಟ್ಟಿನ ಬದಲು ಅನ್ನ ಎಂದಾಗ ಚೌರಪ್ಪನವರು ಕ್ಷಣ ಯೋಚಿಸಿ, ಅನ್ನವೂ ದೇವರು ಕೊಟ್ಟದ್ದೇ ಎಂದರು. ಹೇಳಿದೆನಲ್ಲ, ಒಳ್ಳೆಯ ಮನುಷ್ಯ. ಅತ್ತೆ ತಟ್ಟೆಯ ಮುಂದೆ ಕೂತು, ಹಿಸುಕಿದ ಅನ್ನದ ತುತ್ತು ಮಾಡಿ ಮಗನ ಬಾಯಿಗಿಟ್ಟರು. ಇವರು ಕಣ್ಣು ಮುಚ್ಚಿ ನುಂಗಿದರು. ಯಾರೋ ಹಾಡು ಎತ್ತಿದರು. ಅತ್ತೆ ಒಬ್ಬೊಬ್ಬರಿಗೂ ತುತ್ತಿಟ್ಟು ಉಪವಾಸ ಬಿಡಿಸುತ್ತ ಬಂದರು. ಎಲ್ಲರಿಗಿಂತ ಕಡೆಗೆ ನಾನು.

ತುತ್ತು ಬಾಯಿಗೆ ಬಂತು. ಅತ್ತೆಯ ಬೆರಳು ನನ್ನ ತುಟಿಗೆ ತಾಗಿತು. ಬೆರಳು ಸುಡುತ್ತಿತ್ತು.

ಅನ್ನದ ಬಿಸಿಯಲ್ಲ ಅದು. ಆ ಕಾವು ನನಗೆ ಗೊತ್ತಿತ್ತು, ವಾರಗಟ್ಟಲೆ ಮುಟ್ಟಿ ಮುಟ್ಟಿ ನೋಡಿದ ಕಾವು. ನಾನು ಅವರ ಮುಖ ನೋಡಿದೆ. ಅವರು ಯಾರಿಗೂ ಕಾಣದ ಹಾಗೆ ಒಮ್ಮೆ ತಲೆಯಾಡಿಸಿದರು, ಸುಮ್ಮನಿರು ಎನ್ನುವ ಹಾಗೆ. ನಾನು ಬಾಯಲ್ಲಿದ್ದುದನ್ನು ನುಂಗಿದೆ.

ಜನ ಉಂಡು ಎದ್ದು ಅಂಗಳಕ್ಕೆ ಹೋದ ಮೇಲೆ ಅತ್ತೆ ಗೋಡೆ ಹಿಡಿದುಕೊಂಡು ತಟ್ಟೆಗಳ ಹಿಂದಿನ ಮೂಲೆಗೆ ನಡೆದರು. ಅಲ್ಲಿ ನೆಲದ ಮೇಲೆಯೇ ಉರುಳಿದರು. ನಾನು ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡೆ. ಒಂದು ಹಿಡಿ ತೂಕವೂ ಇರಲಿಲ್ಲ.

“ಯಾವಾಗ್ನಿಂದ ಅತ್ತೆ?”

“ಮೊನ್ನೇಲಿಂದ ಅದೆ. ಏಳಿದ್ರೆ ಇವತ್ತಿನ ತುತ್ತು ನಿಂತೋಯ್ತಿತ್ತು.”

“ನನ್ನಿಂದ್ಲೇ ಇಂಗಾಯ್ತು. ಅರಕೆ ಗಿರಕೆ ಏನೂ ಇರ್ನಿಲ್ಲ ಅತ್ತೆ. ನಾನು ಸುಳ್ಳು ಏಳ್ದೆ.”

“ಗೊತ್ತು ಕಣಮ್ಮಿ,” ಎಂದರು. ಬಿಸಿಯುಸಿರು ನನ್ನ ಕೈಗೆ ಬಡಿಯಿತು. “ಅವತ್ತೇ ಗೊತ್ತಾಯ್ತು. ಬಾಯಿ ಬಡ್ಕಂಡು ಏಳ್ಬೌದಿತ್ತು. ಏಳ್ನಿಲ್ಲ. ನೀನೇ ಸರಿಯೇನೋ ಅಂತ ಒಂದ್ ಕಡೆ ಎದ್ರಿಕೆ, ಅದಕೇ ಬಾಯ್ ಮುಚ್ಕಂಡು ನಾನೂ ಉಪ್ವಾಸ ಕೂತೆ.”

ಅಂಗಳದಲ್ಲಿ ಇವರ ನಗು ಕೇಳಿಸಿತು. ಯಾರೋ ತಮಾಷೆ ಮಾಡುತ್ತಿದ್ದರು. ಅತ್ತೆ ಅತ್ತ ಕಿವಿಗೊಟ್ಟರು.

“ನೀನು ಕಳ್ಳೇಕಾಯ ಕಿತ್ಕಂಡಾಗ ನೋಡ್ದೆ. ಎತ್ತವ್ಳು ನಾನು. ನನ್ ಕೈಲಿ ಆಯ್ತಿರ್ನಿಲ್ಲ,” ಎಂದರು. ಆಮೇಲೆ ನನ್ನ ಮಣಿಕಟ್ಟು ಹಿಡಿದರು. ಸಾಯುವವರ ಹಿಡಿತವಲ್ಲ, ಬೈಯುವಾಗ ಹಿಡಿಯುವ ಹಿಡಿತ. “ಕೇಳಿಲ್ಲಿ. ನಂಗೆ ಯಾರ್ ಕೈಲೂ ತುತ್ತು ಇಡುಸ್ಬ್ಯಾಡ. ಚೌರಪ್ಪ ಬಂದ್ರೂ ಬ್ಯಾಡ, ನನ್ ಮಗ ಬಂದು ಅತ್ರೂ ಬ್ಯಾಡ. ನಾಳೆ ನಾನೇ ಬೇಡ್ತೀನಿ ನೋಡು. ನಿನ್ ಕಾಲಿಡ್ಕತೀನಿ, ನಿಮ್ಮವ್ವ ಅಪ್ಪನ ಎಸ್ರೆತ್ತಿ ಬೋಯ್ತೀನಿ. ಕೊಡ್ಬ್ಯಾಡ.”

ಅಲ್ಲಿಯವರೆಗೂ ಎಲ್ಲರೂ ನನಗೆ ಎದುರಾಗಿದ್ದರು. ಆ ಹಟದಿಂದಲೇ ನಾನು ನಿಂತಿದ್ದೆ, ಹೆದರಿಕೆಯನ್ನು ಜಗಳದಲ್ಲಿ ಮರೆತಿದ್ದೆ. ಈಗ ಈ ಮುದುಕಿ ತನ್ನ ಜೀವವನ್ನು ತಂದು ನನ್ನ ಕೈಗೆ ಕೊಟ್ಟುಬಿಟ್ಟಿದ್ದರು. ಜಗಳವಾಡಲು ಯಾರನ್ನೂ ಉಳಿಸಿರಲಿಲ್ಲ. ತಪ್ಪಾದರೆ ಇನ್ನು ಅದು ನನ್ನೊಬ್ಬಳದೇ.

“ಆಯ್ತು ಅತ್ತೆ, ಕೊಡಲ್ಲ,” ಎಂದೆ. ಗಂಡನ ಚಾಪೆಯ ಪಕ್ಕದಲ್ಲಿ ಕೂತಿದ್ದ ಯಾವ ದಿನವೂ ನನಗೆ ಅಷ್ಟು ಹೆದರಿಕೆಯಾಗಿರಲಿಲ್ಲ.